ಐತಪ್ಪ ಮಾಸ್ಟರ್ ಮನೆಯಲ್ಲಿದ್ದ ದೀಪಾವಳಿ

ಚೆನ್ನೈಯಲ್ಲಿರುವ ನಮ್ಮ ಕಡೆಯ ಹೋಟೆಲಿನವರ ಹೆಂಡಂದಿರನ್ನು ಒಮ್ಮೆ ಕೇಳಿ ನೋಡಿ. ದೀಪಾವಳಿ ಎಂದರೆ ಗಂಡ ಮನೆಯಲ್ಲಿಲ್ಲದ ಹಬ್ಬ ಎನ್ನುತ್ತಾರೆ. ಊರವರೆಲ್ಲ ಹೊಸ ಬಟ್ಟೆ ಉಟ್ಟು ಪಟಾಕಿ ಹೊಡೆಯುವ ಹೊತ್ತಿಗೆ ಇವರ ಯಜಮಾನರು ದೊಡ್ಡ ಬಾಣಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತಾ ನಿಂತಿರುತ್ತಾರೆ.

ವಡಪಳನಿಯ ಜಲಜಾ ಅಂಥ ಮೂವತ್ತು ದೀಪಾವಳಿ ಕಂಡವಳು. ಅವಳ ಗಂಡ ಐತಪ್ಪ ಪುತ್ತೂರು ಕಡೆಯವನು. ಮೀಸೆ ಮೂಡುವ ಮೊದಲೇ ಚೆನ್ನೈಗೆ ಬಂದು, ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವಲ್ಲಿಂದ ಶುರು ಮಾಡಿ ಸ್ವೀಟ್ ಮಾಸ್ಟರ್ ಆದವನು. ಹಬ್ಬ ಹತ್ತಿರ ಬಂತೆಂದರೆ ಅವನ ಚಾಪೆ ದಿಂಬು ಹೋಟೆಲಿಗೇ ಹೋಗುತ್ತಿತ್ತು. ಹಬ್ಬದ ದಿನ ಮಧ್ಯಾಹ್ನ ಮೈತುಂಬ ತುಪ್ಪದ ವಾಸನೆ ಹೊತ್ತು ಮನೆಗೆ ಬಂದವನು ಮರುದಿನದವರೆಗೂ ಮಲಗಿಬಿಡುತ್ತಿದ್ದ. ಜಲಜಾ ಆಸೆಪಟ್ಟು ತಂದಿಟ್ಟ ಹೊಸ ಅಂಗಿಯ ಮಡಿಕೆ ಕೂಡ ಬಿಚ್ಚುತ್ತಿರಲಿಲ್ಲ.

ಈ ವರ್ಷ ಆ ಹೋಟೆಲು ಮುಚ್ಚಿತು. ಮಾಲೀಕರಿಗೆ ವಯಸ್ಸಾಗಿತ್ತು, ಅವರ ಮಕ್ಕಳಿಗೆ ಈ ವ್ಯಾಪಾರ ಬೇಡವಾಗಿತ್ತು. ಯಾರಿಗೂ ಅನ್ಯಾಯ ಮಾಡದೆ, ಕೊಡಬೇಕಾದ್ದನ್ನು ಕೊಟ್ಟು, ಶಾಲು ಹೊದಿಸಿ ಕಳಿಸಿದರು. ಮಗಳು ವೀಕ್ಷಾ ಅಣ್ಣಾ ನಗರದ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ಹಾಗಾಗಿ ಮನೆ ನಡೆಯುವುದಕ್ಕೆ ತೊಂದರೆ ಇರಲಿಲ್ಲ.

ಜಲಜಾಳ ಸಂತೋಷ ಕೇಳಬೇಕೆ? ಕಟ್ಟಡದಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಹೇಳಿದಳು.

"ಈ ಸಲ ನಮ್ಮ ಇವ್ರು ಹಬ್ಬಕ್ಕೆ ಮನೆಯಲ್ಲೇ ಇರ್ತಾರೆ, ಗೊತ್ತುಂಟಾ?"

ರಾಯಪುರಂನಲ್ಲಿದ್ದ ಅಣ್ಣನ ಮನೆಯವರನ್ನೆಲ್ಲ ಹಬ್ಬದೂಟಕ್ಕೆ ಕರೆದಳು. ಸಿಹಿಗೆ ಅಂಗಡಿಯಲ್ಲಿ ಆರ್ಡರ್ ಕೊಟ್ಟಳು. ಅಷ್ಟಕ್ಕೇ ನಿಲ್ಲದೆ, ಗಂಡ ಅಡುಗೆಮನೆಗೆ ಕಾಲಿಡಬಾರದು ಎಂದು ಕಟ್ಟಳೆಯನ್ನೂ ಹಾಕಿದಳು.

"ಬೆಂಕಿ ಮುಂದೆ ನಿಂತದ್ದು ಸಾಕು ಮಾರಾಯ್ರೆ. ಇನ್ನು ನೀವು ಆರಾಮದಲ್ಲಿ ಕೂತ್ಕೊಳ್ಳಿ. ನಾನು ಬಡಿಸ್ತೇನೆ, ನೀವು ತಿನ್ನಿ."

ಮೈಸೂರು ಪಾಕಿನ ಹದ ಕೇಳಲು ಪಕ್ಕದ ಮನೆಯವರು ಬಂದರೆ ಬಾಗಿಲಲ್ಲೇ ತಡೆದು, "ಮಾಸ್ಟರ್ ಈಗ ರಿಟೈರ್, ಅವರಿಗೆ ತೊಂದರೆ ಕೊಡ್ಬೇಡಿ" ಎಂದು ಕಳಿಸಿಬಿಡುತ್ತಿದ್ದಳು. ಗಂಡನ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೀತಿಯಿಂದ ಮಾಡಿದ್ದೆಲ್ಲ ಸರಿಯೇ ಆಗಿರಬೇಕೆಂದೇನೂ ಇಲ್ಲವಲ್ಲ.

ಐತಪ್ಪ ಕೂತ. ಕೂತವನು ಹಾಗೇ ಮಂಕಾಗುತ್ತಾ ಹೋದ.

ಮೊದಮೊದಲು ಟಿ.ವಿ. ನೋಡುತ್ತಿದ್ದ, ಸಂಜೆ ಮುರುಗನ ದೇವಸ್ಥಾನದವರೆಗೆ ನಡೆದು ಬರುತ್ತಿದ್ದ. ನವರಾತ್ರಿ ಕಳೆಯುವಷ್ಟರಲ್ಲಿ ಅದೂ ನಿಂತಿತು. ಗಡ್ಡ ಬೆಳೆಯಿತು. ತಟ್ಟೆಯಲ್ಲಿ ಅರ್ಧ ಅನ್ನ ಉಳಿಯತೊಡಗಿತು. ಎಲ್ಲರಿಗಿಂತ ಮೊದಲು ಎಚ್ಚರಗೊಂಡು ಸುಮ್ಮನೆ ಗೋಡೆ ನೋಡುತ್ತಾ ಕೂತಿರುತ್ತಿದ್ದ. ಹಿಂದಿನ ಬೀದಿಯ ಕಲ್ಯಾಣ ಮಂಟಪವನ್ನು ಕೇಟರಿಂಗಿನವರು ಹಬ್ಬದ ಸಿಹಿ ಮಾಡಲು ಬಾಡಿಗೆಗೆ ಹಿಡಿದಿದ್ದರು. ಕಡಲೆಹಿಟ್ಟು ಹುರಿಯುವ ವಾಸನೆ ಬೆಳಿಗ್ಗೆಯಿಂದಲೇ ಮನೆಗೆ ನುಗ್ಗುತ್ತಿತ್ತು. ಐತಪ್ಪ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದ. ಸೊಳ್ಳೆಗೆ ಮುಚ್ಚಿದ್ದಾರೆ ಎಂದು ಜಲಜಾ ತಿಳಿದಳು.

ಮಗಳಿಗೆ ಮೊದಲು ಅನುಮಾನ ಬಂತು. ವೀಕ್ಷಾಳಿಗೆ ಮನೆಯ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು.

"ಅಮ್ಮಾ, ಅಪ್ಪಾ ರೊಂಬ ಡಲ್ಲಾ ಇರುಕ್ಕಾರು. ಎನ್ನಾಚ್ಚು?" ಎಂದು ಕೇಳಿದಳು. ಅಪ್ಪ ಯಾಕೆ ಇಷ್ಟು ಮಂಕಾಗಿದ್ದಾರೆ ಎಂದು.

"ಎಂತ ಆಗ್ಲಿಲ್ಲ. ರೆಸ್ಟ್ ತಗೊಂಡು ಅಭ್ಯಾಸ ಇಲ್ಲ ಅವರಿಗೆ, ಅಷ್ಟೇ" ಎಂದಳು ಜಲಜಾ.

ಹಾಗೆಂದಳು ನಿಜ. ಒಳಗೊಳಗೆ ಅವಳಿಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿತ್ತು. ಇಷ್ಟು ವರ್ಷಕ್ಕೆ ಒಂದು ಹಬ್ಬ ನನ್ನ ಜೊತೆ ಇರಲು ಸಿಕ್ಕಿದೆ, ಅದಕ್ಕೂ ಇವರ ಮುಖ ಹೀಗಾ? ನನ್ನ ಜೊತೆ ಮನೆಯಲ್ಲಿರುವುದು ಇವರಿಗೆ ಅಷ್ಟು ಕಷ್ಟವಾ? ಈ ಪ್ರಶ್ನೆಯನ್ನು ಯಾರ ಹತ್ತಿರವೂ ಕೇಳುವ ಹಾಗಿರಲಿಲ್ಲ.

ಒಂದು ಸಂಜೆ ಹೊಸ ಅಂಗಿ ತಂದು ಗಂಡನ ಮುಂದೆ ಹಿಡಿದಳು. "ಈ ನೀಲಿ ಆಗ್ತದಾ ನೋಡಿ. ಇಲ್ಲದಿದ್ರೆ ಬದಲಾಯಿಸಿ ತರ್ತೇನೆ."

ಐತಪ್ಪ ಅಂಗಿಯತ್ತ ನೋಡಲಿಲ್ಲ. "ನಂಗೆ ಎಂತಕ್ಕೆ ಜಲಜಾ? ನಾನೊಬ್ಬ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ."

"ಒಳ್ಳೆ ಕಥೆ ನಿಮ್ಮದು! ಅಂಗಿ ಬೇಡದಿದ್ರೆ ಬೇಡ ಅನ್ನಿ" ಎಂದು ಅವಳು ಅಂಗಿಯನ್ನು ಕಪಾಟಿಗೆ ತುರುಕಿದಳು.

ಮರುದಿನ ಕೆಳಗಿನ ಮನೆಯ ಅಂಬುಜಮ್ಮನ ಹತ್ತಿರ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು. ಅಂಬುಜಮ್ಮ ಮೈಸೂರಿನವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಹುರುಳಿಕಾಯಿ ಹೆಚ್ಚುತ್ತಾ ಹೂಂಗುಟ್ಟುತ್ತಿದ್ದವರು ಅಂಗಿಯ ವಿಷಯ ಬಂದಾಗ ಚಾಕು ಕೆಳಗಿಟ್ಟರು.

"ಏನಂದ್ರು ಅವ್ರು? ಇನ್ನೊಂದ್ಸಲ ಹೇಳು."

"ಇದ್ರೂ ಒಂದೇ, ಇಲ್ಲದಿದ್ರೂ ಒಂದೇ ಅಂತ. ಅಂಗಿ ತಂದವಳಿಗೆ ಕೊಡುವ ಉತ್ತರವಾ ಅಕ್ಕ ಇದು?"

"ಅದು ಅಂಗಿ ಮಾತಲ್ಲ ಕಣೇ ಜಲಜಾ. ಅದನ್ನ ಹಗುರವಾಗಿ ತಗೋಬೇಡ. ನಿದ್ದೆ ಮಾಡ್ತಾರಾ?"

"ಎಲ್ಲಿ? ನಾನು ಏಳುವಾಗ ಗೋಡೆ ನೋಡಿಕೊಂಡು ಕೂತಿರ್ತಾರೆ."

"ಊಟ? ಮಾತುಕತೆ?"

"ಊಟ ಹಕ್ಕಿ ತಿಂದ ಹಾಗೆ. ಮಾತು ಕೇಳಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ನವರಾತ್ರಿಯಿಂದ ಹೀಗೇ."

ಅಂಬುಜಮ್ಮ ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನೋಡು, ಬೇಜಾರು ಎಲ್ರಿಗೂ ಬರತ್ತೆ, ಹೋಗತ್ತೆ. ಎರಡು ವಾರ ಆದ್ರೂ ಹೋಗ್ದೆ, ನಿದ್ದೆ ಊಟ ಎಲ್ಲ ಕೆಟ್ಟು, ಯಾವುದ್ರಲ್ಲೂ ಆಸೆ ಇಲ್ಲ ಅಂದ್ರೆ ಅದು ಖಿನ್ನತೆ ಇರ್ಬಹುದು. ಬಿ.ಪಿ., ಶುಗರ್ ಹೇಗೋ ಹಾಗೇ ಅದೂ ಒಂದು ಕಾಯಿಲೆ. ಔಷಧಿ ಇದೆ, ವಾಸಿ ಆಗತ್ತೆ."

ಜಲಜಾ ಸೆಟೆದು ಕೂತಳು. "ಅಂದ್ರೆ ನಮ್ಮ ಇವರಿಗೆ ಮಂಡೆ ಸರಿ ಇಲ್ಲ ಅಂತೀರಾ ನೀವು?"

"ನನಗೆ ಸರಿ ಇದ್ಯಾ?"

"ನಿಮಗೆ ಎಂತ ಆಗಿದೆ ಅಕ್ಕ? ನೀವು ಗಟ್ಟಿ ಇದ್ದೀರಿ."

"ನಾನೂ ಡಾಕ್ಟರ ಹತ್ರ ಹೋಗಿದ್ದೆ ಕಣೇ. ನಮ್ಮೋರು ಹೋದ ಮೊದಲ ವರ್ಷ ಎಲ್ರೂ ಬಂದು ಹೋಗಿ ಮಾಡ್ತಿದ್ರು. ಎರಡ್ನೇ ವರ್ಷ ಎಲ್ಲ ಸರಿಹೋಯ್ತು ಅಂದ್ಕೊಂಡ್ರು. ದಸರಾ ಗೊಂಬೆ ಕೂರ್ಸೋಣ ಅಂತ ಪೆಟ್ಟಿಗೆ ಮುಂದೆ ಕೂತೋಳಿಗೆ ಸಂಜೆವರೆಗೂ ಏಳೋಕೇ ಆಗ್ಲಿಲ್ಲ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದೆ. ತಿಂಗಳುಗಟ್ಟಲೆ ಔಷಧಿ ತಗೊಂಡೆ. ಬೇಕಾದ್ರೆ ನನ್ನ ಹೆಸರು ಹೇಳೇ ಅವರಿಗೆ ತಿಳಿಸು."

ಆದರೂ ಜಲಜಾಳ ಅನುಮಾನ ಪೂರ್ತಿ ಹೋಗಲಿಲ್ಲ.

"ನಿಮಗಾದ್ರೆ ಯಜಮಾನ್ರು ಹೋದ್ರು ಅಕ್ಕ. ಇವರಿಗೆ ಹೋದದ್ದೆಂತ? ನಾನಿದ್ದೇನೆ, ಮಗಳಿದ್ದಾಳೆ, ಮನೆ ಉಂಟು."

"ಕೆಲಸ ಹೋಯ್ತಲ್ಲೇ. ಎಷ್ಟು ಮನೆ ಹಬ್ಬ ಅವರ ಕೈಯಿಂದ ಆಗ್ತಿತ್ತು! ಈಗ ಹಬ್ಬ ಬಂದಿದೆ, ಕೈ ಸುಮ್ನೆ ಕೂತಿದೆ. ಸಾವೇ ಆಗ್ಬೇಕು ಅಂತಿಲ್ಲ, ಕೆಲಸ ಬಿಡೋದು, ಮನೆ ಬದಲಾಗೋದು, ಮಕ್ಕಳ ಮದುವೆ ಆಗಿ ಹೋಗೋದು, ಯಾವುದ್ರಿಂದ ಬೇಕಾದ್ರೂ ಮನಸ್ಸು ಕುಸೀಬಹುದು. ಸುತ್ತ ಎಲ್ರೂ ನಗ್ತಿರೋವಾಗ ಅದು ಇನ್ನೂ ಹೆಚ್ಚಾಗತ್ತೆ."

"ಹಾಗಾದ್ರೆ ಹಬ್ಬ ಒಂದು ಮುಗೀಲಿ. ಅಣ್ಣನ ಮನೆಯವರೆಲ್ಲ ಬರ್ತಾರೆ. ಆಮೇಲೆ ನೋಡುವ."

"ಕಾಲು ಮುರಿದಿದ್ರೆ ಹಬ್ಬ ಮುಗೀಲಿ ಅಂತಿದ್ಯಾ?"

ಜಲಜಾ ಸುಲಭಕ್ಕೆ ಸೋಲುವ ಹೆಂಗಸಲ್ಲ. ಕೆಲಸ ಇಲ್ಲದ್ದೇ ರೋಗವಾದರೆ ಕೆಲಸ ಕೊಟ್ಟರಾಯಿತು ಎಂದುಕೊಂಡು ಅಂಗಡಿಗೆ ಹೋದಳು. ಕಡಲೆಹಿಟ್ಟು, ಸಕ್ಕರೆ, ತುಪ್ಪ ತಂದು ಗಂಡನ ಮುಂದೆ ಸಾಲಾಗಿ ಇಟ್ಟಳು.

"ಏಳಿ ಮಾಸ್ಟರ್! ಮೈಸೂರು ಪಾಕು ಮಾಡಿ. ಅಂಗಡಿ ಆರ್ಡರ್ ಕ್ಯಾನ್ಸಲ್ ಮಾಡಿದೆ."

ಐತಪ್ಪ ಆ ಹಿಟ್ಟನ್ನು ನೋಡಿದ, ತನ್ನ ಕೈ ನೋಡಿಕೊಂಡ. ಎದ್ದು ಮೆಟ್ಟಿಲು ಹತ್ತಿ ಟೆರೇಸಿಗೆ ಹೋಗಿಬಿಟ್ಟ. ಜಲಜಾ ದುಡುದುಡು ಕೆಳಗಿಳಿದು ಅಂಬುಜಮ್ಮನ ಬಾಗಿಲು ತಟ್ಟಿದಳು.

"ನೀವು ಹೇಳಿದ ಹಾಗೇ ಮಾಡಿದೆ ಅಕ್ಕ. ಎದ್ದೇ ಹೋದ್ರು."

"ನಾನು ಹಿಟ್ಟು ತಂದಿಡು ಅಂದ್ನೇನೇ? ನೀನು ಇಷ್ಟು ದಿನ ಕೂತ್ಕೊಳ್ಳಿ ಅಂದೆ, ಈಗ ಏಳಿ ಅಂತಿದ್ಯಾ. ಅವ್ರ ಮನಸ್ಸಲ್ಲಿ ಏನಿದೆ ಅಂತ ಕೇಳಿದ್ಯಾ?"

"ಎಂತ ಕೇಳುದು?"

"ಹೇಗಿದೆ ಮನಸ್ಸು ಅಂತ ಕೇಳು. ಬದುಕೋದೇ ಬೇಡ ಅನ್ನಿಸ್ತಿದ್ಯಾ ಅಂತ ನೇರವಾಗಿ ಕೇಳು."

"ಅಯ್ಯೋ ದೇವರೇ! ಇಲ್ಲದ ಯೋಚನೆ ನಾನೇ ತಲೆಗೆ ಹಾಕಿದ ಹಾಗೆ ಆಗುದಿಲ್ವಾ?"

"ಆಗಲ್ಲ ಕಣೇ. ನನ್ನ ಡಾಕ್ಟರೂ ಅದೇ ಹೇಳಿದ್ದು. ಕೇಳೋದ್ರಿಂದ ಆ ಯೋಚನೆ ಬರಲ್ಲ. ಮೊದಲೇ ಇದ್ರೆ, ಹೇಳ್ಕೊಳ್ಳೋಕೆ ದಾರಿ ಸಿಗತ್ತೆ. ಒಂದೇ ಒಂದು ಮಾತು, ಅವ್ರು ಹೇಳೋವಾಗ ನಡುವೆ ಬುದ್ಧಿ ಹೇಳ್ಬೇಡ. ನಿನಗೆ ಅದೇ ಕಷ್ಟ."

ಬೇರೆ ದಿನವಾಗಿದ್ದರೆ ಜಲಜಾ ಇದಕ್ಕೆ ಮುನಿಸಿಕೊಳ್ಳುತ್ತಿದ್ದಳು. ಅವತ್ತು ಎರಡು ಲೋಟ ಚಹಾ ಹಿಡಿದು ಟೆರೇಸಿಗೆ ಹೋದಳು. ಬಿಸಿಲು ಇಳಿಯುತ್ತಿತ್ತು. ಬೀದಿಯಲ್ಲಿ ಮಕ್ಕಳು ಆಗಲೇ ಪಟಾಕಿ ಹೊಡೆಯುತ್ತಿದ್ದರು. ಐತಪ್ಪ ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು.

"ಹೌದಾ, ಒಂದು ಕೇಳ್ತೇನೆ. ಬೈಯುದಿಲ್ಲ. ಅವತ್ತು ಇದ್ರೂ ಒಂದೇ ಇಲ್ಲದಿದ್ರೂ ಒಂದೇ ಅಂದ್ರಲ್ಲ. ನಿಮಗೆ ಬದುಕುದೇ ಬೇಡ ಅಂತ ಕಾಣ್ತದಾ?"

ಐತಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಜಲಜಾ ತುಟಿ ಕಚ್ಚಿಕೊಂಡು ಕಾದಳು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಅವಳು ಹಿಂದೆಂದೂ ಕೂತವಳಲ್ಲ.

"ಸಾಯ್ಬೇಕು ಅಂತ ಅಲ್ಲ" ಎಂದ ಐತಪ್ಪ ಕೊನೆಗೆ. "ಮಲಗುವಾಗ, ಬೆಳಿಗ್ಗೆ ಏಳದಿದ್ರೆ ಒಳ್ಳೇದಿತ್ತು ಅಂತ ಕಾಣ್ತದೆ."

ಹಾಗೆಲ್ಲ ಹೇಳಬಾರದು ಎಂಬ ಮಾತು ಜಲಜಾಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳುದು? ಬೆಳಿಗ್ಗೆ ಎಚ್ಚರ ಆದ್ರೆ ಎಲ್ಲಿಗೆ ಹೋಗುದು ಅಂತ ಗೊತ್ತಾಗುದಿಲ್ಲ. ಆ ಮಂಟಪದಲ್ಲಿ ಹಿಟ್ಟು ಸೀದದ್ದು ನಂಗೆ ಇಲ್ಲಿಗೆ ವಾಸನೆ ಬರ್ತದೆ. ಇಲ್ಲಿ ಕೂತು ನಾನು ಎಂತ ಮಾಡ್ಲಿಕ್ಕೆ ಆಗ್ತದೆ? ಕಿಟಕಿ ಹಾಕ್ತೇನೆ. ನೀನು ನೋಡಿದ್ರೆ ಊರಿಗೆಲ್ಲ ಹೇಳಿಕೊಂಡು ಅಷ್ಟು ಖುಷಿಯಲ್ಲಿದ್ದಿ. ಇಷ್ಟು ವರ್ಷ ನಿನ್ನನ್ನು ಒಬ್ಬಳೇ ಬಿಟ್ಟದ್ದು ಸಾಲದಾ? ಈ ಹಬ್ಬವನ್ನೂ ಹಾಳು ಮಾಡುದು ಬೇಡ ಅಂತ ಸುಮ್ಮನಿದ್ದೆ."

ಇವಳು ಅವನಿಗೆ ತನ್ನ ಜೊತೆ ಬೇಸರ ಎಂದು ನೊಂದುಕೊಂಡಿದ್ದಳು. ಅವನು ಇವಳ ಸಂತೋಷ ಕೆಡಬಾರದೆಂದು ಬಾಯಿ ಕಟ್ಟಿಕೊಂಡಿದ್ದ. ಒಂದೇ ಸೂರಿನ ಕೆಳಗೆ ಇಬ್ಬರೂ ಇಷ್ಟು ದಿನ ಒಬ್ಬೊಬ್ಬರೇ ಇದ್ದರು. ಜಲಜಾ ಅವನ ಕೈ ಹಿಡಿದುಕೊಂಡಳು.

"ಡಾಕ್ಟ್ರ ಹತ್ರ ಹೋಗುವನಾ?"

"ನಂಗೆ ಹುಚ್ಚಲ್ಲ ಜಲಜಾ."

"ಅಂಬುಜಕ್ಕನಿಗೂ ಹುಚ್ಚಲ್ಲ. ಅವರೂ ಹೋಗಿ ಔಷಧಿ ತಗೊಂಡವರೇ. ಅವರೇ ಹೇಳ್ಲಿಕ್ಕೆ ಹೇಳಿದ್ದು."

ಐತಪ್ಪ ಅವಳ ಮುಖ ನೋಡಿದ. "ಅಂಬುಜಮ್ಮನಾ?" ಎಂದ. ಬಹಳ ದಿನಗಳ ಮೇಲೆ ಅವನಾಗಿಯೇ ಕೇಳಿದ ಪ್ರಶ್ನೆ ಅದು.

ಅಂಬುಜಮ್ಮನನ್ನು ಮೇಲಕ್ಕೆ ಕರೆದರು. ಅವರು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ನಂಬರು ಹೇಳಿದರು. ಒಂದು, ನಾಲ್ಕು, ನಾಲ್ಕು, ಒಂದು, ಆರು. ಕನ್ನಡದಲ್ಲೇ ಮಾತಾಡಬಹುದು ಎಂದಾಗ ಐತಪ್ಪನ ಹಿಂಜರಿಕೆ ಅರ್ಧ ಹೋಯಿತು. ಅಡುಗೆಮನೆಯ ವ್ಯವಹಾರವನ್ನೆಲ್ಲ ತಮಿಳಿನಲ್ಲಿ ನಡೆಸಿದವನಾದರೂ ಈ ಮಾತು ಆ ಭಾಷೆಯಲ್ಲಿ ಬರುವಂತಿರಲಿಲ್ಲ. ಫೋನಿನ ಆ ಕಡೆಯ ಹೆಂಗಸು ಉಪದೇಶ ಮಾಡಲಿಲ್ಲ, ಗಾಬರಿಯೂ ಪಡಲಿಲ್ಲ. ನಿದ್ದೆ ಕೇಳಿದರು, ಊಟ ಕೇಳಿದರು, ಹೋಟೆಲಿನ ಬಗ್ಗೆ ಕೇಳಿದರು. ಐತಪ್ಪ ಮಾತಾಡುತ್ತಲೇ ಇದ್ದ, ಲೋಟದ ಚಹಾ ಆರಿತು. ನಾಳೆಯೇ ಆಸ್ಪತ್ರೆಗೆ ಹೋಗಿ, ಅಲ್ಲಿಯವರೆಗೆ ಅವರೊಬ್ಬರನ್ನೇ ಬಿಡಬೇಡಿ ಎಂದು ಆ ಹೆಂಗಸು ಜಲಜಾಳಿಗೆ ಹೇಳಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಸಮಾಧಾನದಿಂದ ಕೇಳಿಸಿಕೊಂಡರು. ಇದು ಸೋಮಾರಿತನವಲ್ಲ, ಕೊಬ್ಬೂ ಅಲ್ಲ, ಕಾಯಿಲೆ ಎಂದರು. ಔಷಧಿ ಬರೆದುಕೊಟ್ಟು, ಗುಣ ಕಾಣಲು ಕೆಲವು ವಾರ ಬೇಕು, ನೀವಾಗಿಯೇ ನಿಲ್ಲಿಸಬೇಡಿ ಎಂದರು. ಬೆಳಿಗ್ಗೆ ಸ್ವಲ್ಪ ನಡೆಯಿರಿ, ಮತ್ತೆ ಬಂದು ತೋರಿಸಿ ಎಂದರು. ಜಲಜಾಳತ್ತ ತಿರುಗಿ, "ಹಬ್ಬ ಹೇಗಿರಬೇಕು ಅಂತ ಅವರನ್ನೂ ಕೇಳಿ ಅಮ್ಮಾ" ಎಂದು ತಮಿಳಿನಲ್ಲಿ ಹೇಳಿದರು.

ಬಸ್ಸಿನಲ್ಲಿ ಬರುವಾಗ ಜಲಜಾ ಕೇಳಿದಳು. "ಹೇಳಿ, ಹಬ್ಬಕ್ಕೆ ನಿಮಗೆ ಎಂತ ಬೇಕು?"

"ಜನ ಬೇಡ. ನಾವು ಮೂವರೇ ಸಾಕು" ಎಂದ ಐತಪ್ಪ. "ಸಿಹಿ ನೀನು ಯಾವುದಾದ್ರೂ ಮಾಡು. ಒಲೆ ಹತ್ರ ಹೋಗ್ಬೇಕು ಅಂತ ಕಂಡಾಗ ನಾನೇ ಹೇಳ್ತೇನೆ."

ಅಣ್ಣನಿಗೆ ಫೋನ್ ಮಾಡುವುದು ಜಲಜಾಳಿಗೆ ಕಷ್ಟವಾಯಿತು. ಕರೆದು ಬೇಡ ಎನ್ನುವುದು ಹೇಗೆ? ಭಾವನಿಗೆ ಜ್ವರವಾ ಎಂದು ಅಣ್ಣ ಕೇಳಿದಾಗ ಹೂಂ ಎಂದುಬಿಡೋಣ ಅನ್ನಿಸಿತು. ಆದರೆ ಹಾಗೆನ್ನಲಿಲ್ಲ.

"ಜ್ವರ ಅಲ್ಲ ಅಣ್ಣ. ಮನಸ್ಸಿಗೆ ಹುಷಾರಿಲ್ಲ. ಔಷಧಿ ಶುರು ಮಾಡಿದ್ದೇವೆ."

ಅಣ್ಣ, "ಗಲಾಟೆ ಬೇಡ ಹಾಗಾದ್ರೆ. ಸಂಜೆ ನಾನೊಬ್ಬನೇ ಬಂದು ಸ್ವಲ್ಪ ಹೊತ್ತು ಕೂತು ಹೋಗ್ತೇನೆ, ಆಗ್ಬಹುದಾ?" ಎಂದ. ಆಗಬಹುದು ಎಂದಳು. ಹೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಹೆದರಿದ್ದಳು. ಅಂಥದ್ದೇನೂ ಆಗಲಿಲ್ಲ.

ದೀಪಾವಳಿಯ ಬೆಳಿಗ್ಗೆ, ಬೆಳಕು ಹರಿಯುವ ಮೊದಲೇ ವಡಪಳನಿ ಪಟಾಕಿಯ ಸದ್ದಿಗೆ ಎದ್ದು ಕೂತಿತ್ತು. ಜಲಜಾ ಮಣೆ ಹಾಕಿ ಗಂಡನನ್ನು ಕೂರಿಸಿದಳು. ಬೆಚ್ಚಗಿನ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಅವನ ನೆತ್ತಿಗೆ ಇಟ್ಟಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನಿಗೆ ಅವಳು ಹಬ್ಬದ ಎಣ್ಣೆ ಹಚ್ಚಿದ್ದು ಅದೇ ಮೊದಲು.

ನಾಲ್ಕು ಸಲ ತಿಕ್ಕಿರಬೇಕು, ಐತಪ್ಪನ ಹೆಗಲು ಅಲುಗತೊಡಗಿತು. ಅವನು ಅಳುತ್ತಿದ್ದ.

ಟವೆಲು ಹಿಡಿದು ನಿಂತಿದ್ದ ವೀಕ್ಷಾ ಗಾಬರಿಯಾದಳು. "ಅಪ್ಪಾ, ಅಳಾದೀಂಗಪ್ಪಾ! ನಲ್ಲ ನಾಳುಂ ಅದುವುಮಾ..."

ಒಳ್ಳೆಯ ದಿನ ಅಳಬಾರದು ಎಂದು ಮಗಳಿಗೆ ಕಲಿಸಿದವಳು ಜಲಜಾಳೇ. ಅವಳಿಗೆ ಅವಳ ತಾಯಿ ಕಲಿಸಿದ್ದು. ಈಗ ಅವಳೇ ಎಣ್ಣೆಗೈ ಎತ್ತಿ ಮಗಳನ್ನು ತಡೆದಳು.

"ಅಳ್ಲಿ ಬಿಡು ಮಗಾ." ಮತ್ತೆ ಗಂಡನ ತಲೆಗೆ ಕೈಯಿಟ್ಟಳು. "ಅಳಿ ನೀವು. ಎಣ್ಣೆ ಕಣ್ಣಿಗೆ ಇಳಿಯದ ಹಾಗೆ ನಾನು ನೋಡ್ಕೊಳ್ತೇನೆ."

ಸ್ವಲ್ಪ ಹೊತ್ತಿನ ಮೇಲೆ ಐತಪ್ಪ ತಲೆ ಎತ್ತಿದ. "ನೀನೂ ಅಳ್ತಿದ್ದೀಯಾ?"

"ಹೌದು. ನಂದು ಮೂವತ್ತು ಹಬ್ಬದ್ದು ಬಾಕಿ ಉಂಟು."

ಐತಪ್ಪ ಮುಖ ಒರೆಸಿಕೊಂಡು ಮತ್ತೆ ತಲೆ ಬಗ್ಗಿಸಿದ. "ಹಾಗಾದ್ರೆ ನಿಧಾನಕ್ಕೆ ಹಚ್ಚು. ಈ ಸಲ ನಂಗೆ ಎಲ್ಲಿಗೂ ಹೋಗ್ಲಿಕ್ಕಿಲ್ಲ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಅವತ್ತಿಗೇ ಐತಪ್ಪನಿಗೆ ಎಲ್ಲ ಸರಿಹೋಯಿತು ಎಂದು ನಾವು ಹೇಳುವುದಿಲ್ಲ. ಔಷಧಿ ನಡೆದಿದೆ. ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ಕೆಲವು ದಿನ ಈಗಲೂ ಮಂಕಾಗಿರುತ್ತಾನೆ. ಆದರೆ ಈಗ ಅದನ್ನು ಹೆಂಡತಿಗೆ ಹೇಳುತ್ತಾನೆ.

ಹಬ್ಬ ಬಂದಿದೆ ಎಂದ ಮಾತ್ರಕ್ಕೆ ಎಲ್ಲರೂ ನಗಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ. ಈ ವರ್ಷ ಯಾರನ್ನಾದರೂ ಕಳೆದುಕೊಂಡವರು, ಕೆಲಸ ಬಿಟ್ಟವರು, ಹೊಸ ಊರಿಗೆ ಬಂದವರು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರಬಹುದು. ಅವರನ್ನು ಬಲವಂತವಾಗಿ ನಗಿಸಬೇಡಿ, ಬೇಸರವಾಗುತ್ತದೆಂದು ದೂರವೂ ಇಡಬೇಡಿ. ದುಃಖ ವಾರಗಟ್ಟಲೆ ಬಿಡದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಗಲು ರಾತ್ರಿ ಯಾವಾಗ ಬೇಕಾದರೂ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಹೇಳಿದ್ದು ಗುಟ್ಟಾಗಿರುತ್ತದೆ. ಸಾಯುವ ಮಾತು ಯಾರ ಬಾಯಿಂದಲಾದರೂ ಬಂದರೆ ಅವರೊಬ್ಬರನ್ನೇ ಬಿಟ್ಟು ಹೋಗಬೇಡಿ. ಆ ದುಃಖ ನಿಮ್ಮದೇ ಆಗಿದ್ದರೆ, ಮನೆಯವರ ಹಬ್ಬ ಕೆಡುತ್ತದೆಂದು ಬಾಯಿ ಕಟ್ಟಿಕೊಂಡು ಕೂರಬೇಡಿ. ನೀವು ಹೇಳಿಕೊಂಡರೆ ಅವರಿಗೆ ಭಾರವಾಗುವುದಿಲ್ಲ.

ನಾಳೆ ನೋಡೋಣ ಎನ್ನಬೇಡಿ, ಹಬ್ಬ ಮುಗಿಯಲಿ ಎನ್ನಬೇಡಿ. ಇವತ್ತು ಸಂಜೆಯೇ ಅವರ ಪಕ್ಕದಲ್ಲಿ ಕೂತು, ಹೇಗಿದ್ದೀರಿ ಎಂದು ಕೇಳಿ. ಕೇಳಿದ ಮೇಲೆ, ಅವರು ಹೇಳಿ ಮುಗಿಸುವವರೆಗೂ ಎದ್ದು ಹೋಗಬೇಡಿ.